ಡ್ರಮ್ಮಿನ ಮೇಲೆ ಕೂತವರು

ಬೆಳಿಗ್ಗೆ ಒಂಬತ್ತು ಗಂಟೆ. ಕುಕನೂರಿನ ಪಕೀರಪ್ಪನ ಖಾನಾವಳಿಯ ಹಿತ್ತಲಲ್ಲಿ ಗ್ಯಾಸಿನ ಡ್ರಮ್ಮು ತೊಟ್ಟಿಯ ರಾಡಿಯಲ್ಲಿ ಮುಕ್ಕಾಲು ಮುಳುಗಿ ಕೂತಿತ್ತು.

ತೊಟ್ಟಿಗೆ ಎಂಜಲು ಅನ್ನ, ಸಾರು ಸುರಿದರೆ ಒಳಗೆ ಒಲೆ ಉರಿಸುವ ಗ್ಯಾಸ್ ಹುಟ್ಟಿ ಡ್ರಮ್ಮು ಮೇಲೇಳುತ್ತಿತ್ತು. ವರ್ಷವಿಡೀ ಅದು ಪೂರಿಯಂತೆ ಉಬ್ಬಿರಲು ಕಾರಣ ಪಕೀರಪ್ಪನ ಕೈ ಅಡುಗೆ. ಬಸ್ ಸ್ಟ್ಯಾಂಡಿನ ಎದುರು ಬೇರೆ ಖಾನಾವಳಿ ಇರಲಿಲ್ಲವೆಂದು ಜನ ಬರುತ್ತಿದ್ದರು, ಅರ್ಧ ಉಂಡು ಏಳುತ್ತಿದ್ದರು. ಆ ಧೈರ್ಯದಲ್ಲಿ ಅವನು ಸಿಲಿಂಡರುಗಳನ್ನೆಲ್ಲ ವಾಪಸು ಕೊಟ್ಟಿದ್ದ. ಹದಿನೈದು ದಿನದ ಹಿಂದೆ ಇರಕಲ್ಲಗಡದ ಶಂಕ್ರಮ್ಮ ಅಡುಗೆಗೆ ಸೇರಿದಳು. ಅಂದಿನಿಂದ ತಟ್ಟೆಗಳು ತೊಳೆದಿಟ್ಟಂತೆ ವಾಪಸು ಬರತೊಡಗಿದವು.

ಮಧ್ಯಾಹ್ನ ಹನ್ನೆರಡಕ್ಕೆ ಕೊಪ್ಪಳದ ಅಧಿಕಾರಿ ಗೋವಿಂದರಾಜ ಹನ್ನೆರಡು ಮಂದಿ ಖಾನಾವಳಿ ಮಾಲೀಕರನ್ನು ಕರೆತರುವವರಿದ್ದರು. ಎಂಜಲಿನ ಉರಿ ನೋಡಿ, ಅದೇ ಉರಿಯಲ್ಲಿ ಬೇಯಿಸಿದ ಊಟ ಉಂಡು ಹೋಗುವುದೆಂದು ನಿಶ್ಚಯವಾಗಿತ್ತು.

"ಇವತ್ತೊಂದಿನ ಉಪ್ಪು ಜಾಸ್ತಿ ಹಾಕವ್ವಾ, ಮುಂಜಾನಿ ಗಿರಾಕಿ ಆದ್ರೂ ಬಿಟ್ಟು ಏಳ್ಲಿ," ಎಂದು ಪಕೀರಪ್ಪ ಶಂಕ್ರಮ್ಮನನ್ನು ಬೇಡಿಕೊಂಡ.

"ಕೆಟ್ಟ ಅಡಗಿ ಮಾಡಾಕ ನೀವ ಇದ್ರಲ್ರಿ. ನನ್ನ ಯಾಕ ಕರಸಿದ್ರಿ?"

ಪಕ್ಕದ ಮನೆಯ ಮುದಿಯಪ್ಪ ಬಕೆಟ್ ಸಗಣಿ ಹೊತ್ತು ತಂದ. "ಹಾಕೋ ತಮ್ಮಾ, ತಟ್ಟನ ಏರತೈತಿ."

"ಇವತ್ತು ಹಾಕಿದ್ರ ಇವತ್ತ ಗ್ಯಾಸ್ ಬರಾಕ ಇದೇನ್ ಸೋಡಾ ಬಾಟಲಿ ಏನ್ ಕಾಕಾ?" ಎಂದು ಶಂಕ್ರಮ್ಮ ನಕ್ಕಳು.

ಪಂಕ್ಚರ್ ಅಂಗಡಿಯ ಶಬ್ಬೀರಸಾಬ ಡ್ರಮ್ಮನ್ನು ತಟ್ಟಿ ನೋಡಿದ. "ಒಳಗ ಗೇಣುದ್ದ ಗ್ಯಾಸ್ ಐತಿ, ಜೋರ ಇಲ್ಲ. ಟ್ಯೂಬಿನ ಮ್ಯಾಲ ಕುಂತ್ರ ಗಾಳಿ ಹೆಂಗ ಬರತೈತಿ? ಹಂಗ ಇದರ ಮ್ಯಾಲ ಕುಂದ್ರೂಣು ಬಾ ಮುದಿಯಪ್ಪಣ್ಣ."

ಮುದಿಯಪ್ಪನ ತೂಕ ತೊಂಬತ್ತೈದು ಕಿಲೋ. ಇಬ್ಬರೂ ಹತ್ತಿ ಕೂತೊಡನೆ ಒಲೆಯಲ್ಲಿ ಮಿಣುಕುತ್ತಿದ್ದ ನೀಲಿ ಉರಿ ಭುಗ್ಗೆಂದಿತು.

ಹನ್ನೆರಡಕ್ಕೆ ಸರಿಯಾಗಿ ಜೀಪುಗಳು ಬಂದವು. "ನೋಡ್ರಿ, ಸಿಲಿಂಡರಿಗೆ ಕಾಯೂದು ತಪ್ಪತೈತಿ. ಎಂಜಲ ಗಟಾರಕ್ಕ ಹೋಗೂದಿಲ್ಲ. ಉಳಿದ ರಾಡಿ ಹೊಲಕ್ಕ ಗೊಬ್ಬರ," ಎಂದ ಗೋವಿಂದರಾಜ ಹಿತ್ತಲು ನೋಡಿ ನಿಂತುಬಿಟ್ಟರು. "ಇವರ್ಯಾಕ ಮ್ಯಾಲ ಕುಂತಾರ?"

"ಓಣಿ ಹಿರ್ಯಾರ್ರಿ ಸಾಹೇಬ್ರ," ಎಂದ ಪಕೀರಪ್ಪ. "ಅವರಿಗೆ ಅಲ್ಲೇ ತಂಪು."

ಮಂದಿ ಊಟಕ್ಕೆ ಕೂತರು. ನಾಲ್ಕು ನಾಲ್ಕು ರೊಟ್ಟಿಗೆ ಹಿರಿಯರು ಒಂದೊಂದು ಬೆರಳು ಕೆಳಗಿಳಿದರು.

"ತಳ ಮುಟ್ಟಾಕ ಬಂತು, ಲಗೂನ ಮಾಡವ್ವಾ!" ಎಂದು ಮುದಿಯಪ್ಪ ಕೂಗಿದ. ಶಂಕ್ರಮ್ಮ ಕೊನೆಯ ರೊಟ್ಟಿ ತೆಗೆದಳು. ಉರಿ ಆರಿತು. ಬೆರಳು ನೆಕ್ಕುತ್ತಿದ್ದವರು ಯಾರೂ ಅದನ್ನು ಗಮನಿಸಲಿಲ್ಲ.

ಗೋವಿಂದರಾಜ ಪಕೀರಪ್ಪನ ಕೈ ಕುಲುಕಿದರು. "ಗೆದ್ದಿ ನೋಡಪಾ! ಹನ್ನೊಂದು ಮಂದಿ ಗ್ಯಾಸ್ ಹಾಕಸ್ತೀವಿ ಅಂದಾರ."

"ಇನ್ನೊಬ್ಬರು?"

"ಕುಷ್ಟಗಿ ಗವಿಸಿದ್ದೇಶ. ಅವಗ ಗ್ಯಾಸ್ ಬ್ಯಾಡಂತ. ಬ್ಯಾರೆ ಏನೋ ಹಿಡಿಸೇತಿ."

ಪಕೀರಪ್ಪ ಹೊರಗೋಡಿದ. ಶಂಕ್ರಮ್ಮ ಕೈಚೀಲ ಹಿಡಿದು ಗವಿಸಿದ್ದೇಶನ ಜೀಪು ಹತ್ತುತ್ತಿದ್ದಳು.

"ತಪ್ಪು ತಿಳ್ಕೊಬ್ಯಾಡ್ರಿ," ಎಂದಳು. "ಅಲ್ಲಿ ಸಿಲಿಂಡರ್ ಅದಾವ. ಮಂದಿ ಎಷ್ಟು ಉಂಡ್ರೂ ಒಲಿ ಆರೂದಿಲ್ಲ."

ಮರುದಿನ ಪಕೀರಪ್ಪ ಕಟ್ಟಿಗೆ ಒಲೆ ಹೂಡಿ ತಾನೇ ಸೌಟು ಹಿಡಿದ. ಹನ್ನೊಂದನೆಯ ದಿನ ಡ್ರಮ್ಮು ಪೂರ್ತಿ ಮೇಲೆದ್ದಿತು.