ಗ್ಯಾಸ್ ಬಂದ ಮೇಲೆ ಲಗ್ನ

ಸಮುದ್ರದಡಿ ಅನಿಲ ತೆಗೆಯುವ ಎಂಜಿನಿಯರನ ಕಷ್ಟಗಳೆಲ್ಲ ಸಮುದ್ರದಲ್ಲೇ ಇರುತ್ತವೆ ಎಂದು ಜನ ತಿಳಿದಿದ್ದಾರೆ. ನನ್ನವು ವಿಜಯನಗರದಿಂದ ಕೆಂಗೇರಿಯವರೆಗೆ ಹಬ್ಬಿವೆ, ಮೆಟ್ರೋದಲ್ಲೇ ಹೋಗಿಬರಬಹುದು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಹುಟ್ಟುತ್ತದೆ.

ಮೋಟಾರ್

ನಮ್ಮ ಬಾವಿಯಲ್ಲಿ ಗ್ಯಾಸ್ ಸಿಕ್ಕಿದ ವರ್ಷವೇ ನನಗೆ ಹೆಣ್ಣೂ ಗೊತ್ತಾಯಿತು. ಹುಡುಗಿ ಒಪ್ಪಿದಳು, ನಾನು ಅವಳಿಗಿಂತ ಮೊದಲೇ ಒಪ್ಪಿದ್ದೆ. ಅವಳ ತಂದೆಗೆ ಕೆಂಗೇರಿಯಲ್ಲಿ ಬೋರ್‌ವೆಲ್ ಮೋಟಾರ್ ಅಂಗಡಿ. "ಗ್ಯಾಸ್ ಬರ್ಲಿ, ಕೆಲಸ ಗಟ್ಟಿಯಾಗ್ಲಿ, ಆಮೇಲೆ ಲಗ್ನ" ಎಂದರು.

ಸಿಕ್ಕಿದ ಗ್ಯಾಸ್ ಹೊರಗೆ ಬರಲು ಇನ್ನಷ್ಟು ಬಾವಿ ಕೊರೆಯಬೇಕು, ನೀರಿನ ಮಧ್ಯೆ ಪ್ಲಾಟ್‌ಫಾರಂ ನಿಲ್ಲಿಸಬೇಕು, ದಡದವರೆಗೆ ಪೈಪ್ ಎಳೆಯಬೇಕು, ಮೂರ್ನಾಲ್ಕು ವರ್ಷವಾದರೂ ಹಿಡಿಯುತ್ತದೆ ಎಂದು ವಿವರಿಸಿದೆ. ಅವರು ಕನಿಕರದಿಂದ ನೋಡಿದರು.

"ನಮ್ಮಲ್ಲಿ ಬೆಳಗ್ಗೆ ನೀರು ಬಿದ್ರೆ ಸಂಜೆಗೆ ಮೋಟಾರ್ ಇಳಿಸ್ತೀವಿ. ನಿಮ್ಮೋರಿಗೆ ಹೇಳಿ, ನಾನೇ ಬಂದು ಇಳಿಸಿಕೊಡ್ತೀನಿ. ಲೇಬರ್ ಚಾರ್ಜ್ ಬೇಡ."

ಛಲ

ನಮ್ಮದು ಎರಡು ವಾರ ಸಮುದ್ರ, ಎರಡು ವಾರ ಮನೆ. ಕಾದೂ ಕಾದೂ ಅನುಮಾನ ಬಂದ ಹುಡುಗಿಯ ತಂದೆ, ವಿಚಾರಿಸಿ ಬಾ ಎಂದು ತಮ್ಮನನ್ನು ವಿಜಯನಗರದ ನಮ್ಮ ಬೀದಿಗೆ ಕಳಿಸಿದರು. ಆತ ಕೇಳಿದ್ದು ಎದುರುಮನೆ ಆಂಟಿಯನ್ನು.

"ಚಿನ್ನದಂಥ ಹುಡುಗ ಸಾರ್. ಪಾಪ, ಎರಡು ವಾರಕ್ಕೊಂದ್ಸಲ ಕೆಲಸ ಹೋಗುತ್ತೆ, ಮನೇಲೇ ಕೂತಿರ್ತಾನೆ. ಆದ್ರೆ ಛಲ ಬಿಡಲ್ಲ, ಇನ್ನೆರಡು ವಾರಕ್ಕೆ ಬೇರೆ ಹುಡುಕ್ಕೊಂಡೇ ಹೊರಡ್ತಾನೆ."

ಮಂಗಳಾರತಿ

ಕೊನೆಗೂ ಗ್ಯಾಸ್ ಬರುವ ದಿನ ನಿಗದಿಯಾಯಿತು. ಪೂಜೆಗೆಂದು ಅಮ್ಮ ನನ್ನ ಬ್ಯಾಗಿಗೆ ಕರ್ಪೂರ, ಬೆಂಕಿಪೊಟ್ಟಣ ಹಾಕಿದ್ದರು. ಹೆಲಿಕಾಪ್ಟರ್ ಹತ್ತುವ ಮೊದಲು ತಪಾಸಣೆಯವರು ಎರಡನ್ನೂ ಕಿತ್ತುಕೊಂಡು, ಊರು ಸುಡಲು ಹೊರಟವನನ್ನು ನೋಡುವಂತೆ ನೋಡಿದರು. ಗ್ಯಾಸ್ ಇರುವಲ್ಲಿ ಕಿಡಿ ಕೂಡದು. ಪ್ಲಾಟ್‌ಫಾರಂ ಮೇಲೆ ಟಾರ್ಚ್ ಹಿಡಿದೇ ಮಂಗಳಾರತಿ ಎತ್ತಿದೆವು. ಎಲ್ಲರೂ ಟಾರ್ಚಿನ ಮೇಲೆ ಕೈಯಾಡಿಸಿ ಭಕ್ತಿಯಿಂದ ಕಣ್ಣಿಗೊತ್ತಿಕೊಂಡರು.

ವಾಲ್ವ್ ತಿರುಗಿತು, ಗ್ಯಾಸ್ ಬಂತು. ಮೊದಲು ಬರುವ ಗ್ಯಾಸಿನಲ್ಲಿ ನೀರು, ಕೆಸರು ಇರುತ್ತದೆ. ಅದನ್ನು ದಡಕ್ಕೆ ಹೋಗುವ ದೊಡ್ಡ ಪೈಪಿಗೆ ಬಿಡದೆ, ಸಮುದ್ರದ ಮೇಲೆ ದೂರಕ್ಕೆ ಚಾಚಿದ ಕೊಳವೆಯ ತುದಿಯಲ್ಲಿ ಸುಟ್ಟುಬಿಡುವುದು ಕ್ರಮ. ತೆಂಗಿನಮರದೆತ್ತರ ಜ್ವಾಲೆ ಎದ್ದಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಅನುಮತಿ ಪಡೆದು, ಊಟದ ಕೋಣೆಯ ಕಿಟಕಿಯಿಂದ ಕೆಂಗೇರಿಗೆ ವಿಡಿಯೋ ಕಾಲ್ ಮಾಡಿದೆ.

"ಮಾವ, ಗ್ಯಾಸ್ ಬಂತು, ನೋಡಿ! ಇನ್ನು ಲಗ್ನದ ದಿನ..."

ಅವರು ಕನ್ನಡಕ ಹಾಕಿಕೊಂಡು ಆ ಬೆಂಕಿಯನ್ನು ನೋಡಿದರು.

"ಇಷ್ಟು ವರ್ಷ ಕಾದಿದ್ದು ಇದಕ್ಕೇನಾ?"

"ಹೌದು ಮಾವ."

"ಬಂದ ದಿನಾನೇ ಎಲ್ಲಾ ಸುಟ್ಟಾಕ್ತಾ ಇದೀರಲ್ರೀ! ಇಂಥ ದುಂದುಗಾರನಿಗೆ ಹೆಣ್ಣು ಕೊಟ್ರೆ ನನ್ನ ಮಗಳು ಸಂಸಾರ ಹೆಂಗ್ರೀ ಮಾಡ್ಬೇಕು?"