ಮದುವೆಗೆ ಮನೆಯ ಬಿಯರ್

ದರ್ಜಿ: ಬಾಯಲ್ಲಿಟ್ಟುಕೊಂಡು ತಲೆ ಆಡಿಸ್ಬೇಡ ಕಣೋ. ಮೊದಲು ನುಂಗು, ಆಮೇಲೆ ಹೊಗಳು.

ಡಾಕ್ಟರು: ಮ್ಮ್... ಮ್ಮ್ಮ್...

ದರ್ಜಿ: ಇಷ್ಟು ವರ್ಷ ಊರಿನವರಿಗೆಲ್ಲ 'ಮುಕ್ಕಳಿಸಿ ಉಗುಳಿ' ಅಂತ ಹೇಳಿದೀಯ. ಇವತ್ತು ಮುಕ್ಕಳಿಸಿ ನುಂಗು ನೋಡೋಣ.

ಹಲ್ಲಿನ ಡಾಕ್ಟರು ಕಣ್ಣು ಮುಚ್ಚಿ ನುಂಗಿದರು. ಗಂಟಲಿನ ಗಂಟು ಒಮ್ಮೆ ಮೇಲೆ ಹೋಗಿ, ಯೋಚಿಸಿ, ಕೆಳಗಿಳಿಯಿತು. ಅವರಿಬ್ಬರೂ ಕುಳಿತಿದ್ದುದು ದರ್ಜಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ. ಬಟ್ಟೆ ಕತ್ತರಿಸುವ ಉದ್ದದ ಮೇಜಿನ ಮೇಲೆ ಇಂದು ಬಟ್ಟೆಯಿರಲಿಲ್ಲ. ದರ್ಜಿ ಮಾಡಿದ ಬಿಯರಿನ ಎರಡು ಬಾಟಲಿ, ಡಾಕ್ಟರು ಮಾಡಿ ತಂದ ಎರಡು ಬಾಟಲಿ, ನಾಲ್ಕು ಗಾಜಿನ ಲೋಟ. ಇಬ್ಬರೂ ಶಾಲೆಯಿಂದ ಗೆಳೆಯರು. ಇಬ್ಬರಿಗೂ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹತ್ತಿದ್ದು ಒಟ್ಟಿಗೇ. ಆಗಾಗ ಭಾನುವಾರ ಹೀಗೆ ಕೂತು, ಅವನದನ್ನು ಇವನು, ಇವನದನ್ನು ಅವನು ಕುಡಿದು ಅಭಿಪ್ರಾಯ ಹೇಳುವುದು ರೂಢಿ. ಆದರೆ ಇಂದಿನದು ಬರಿಯ ಅಭಿಪ್ರಾಯವಲ್ಲ. ಮುಂದಿನ ತಿಂಗಳು ದರ್ಜಿಯ ಮಗಳ ಮದುವೆ. ಬಂದವರಿಗೆ ಕೊಡಬೇಕೆಂದಿದ್ದುದು ಡಾಕ್ಟರು ಈಗ ಕುಡಿಯುತ್ತಿದ್ದ, ದರ್ಜಿಯೇ ಮಾಡಿದ ಈ ಬಿಯರನ್ನೇ.

ದರ್ಜಿ: ಹೇಳು ಈಗ.

ಡಾಕ್ಟರು: ಚೆನ್ನಾಗಿದೆ.

ದರ್ಜಿ: ಎಷ್ಟು ಚೆನ್ನಾಗಿದೆ?

ಡಾಕ್ಟರು: ಬಹಳ ಚೆನ್ನಾಗಿದೆ.

ದರ್ಜಿ: (ಮುಖ ಸಪ್ಪೆ ಮಾಡಿ) ಇನ್ನೊಂದು ಗುಟುಕು ಕುಡಿ. ಸರಿಯಾಗಿ ಕುಡಿದಿಲ್ಲ ನೀನು.

ಡಾಕ್ಟರಿಗೆ ಇದು ಅರ್ಥವಾಗಲಿಲ್ಲ. ಒಳಗೆ ಬರುವಾಗ ಬಾಗಿಲಲ್ಲೇ ದರ್ಜಿಯ ಹೆಂಡತಿ ಅವರನ್ನು ತಡೆದು, 'ಡಾಕ್ಟ್ರೇ, ನಿಮ್ಮ ಸ್ನೇಹಿತರಿಗೆ ನಿದ್ದೆ ಇಲ್ಲ, ಊಟ ಇಲ್ಲ. ಇವತ್ತು ಅವರಿಗೆ ಸಮಾಧಾನ ಆಗೋ ಹಾಗೆ ಒಂದು ಮಾತು ಹೇಳಿ' ಎಂದು ಕೇಳಿಕೊಂಡಿದ್ದರು. ಆ ಮಾತನ್ನು ನೆನೆದು ಅವರು ಇನ್ನೊಂದು ಗುಟುಕು ಕುಡಿದರು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟವಾಗಿತ್ತು, ಏಕೆಂದರೆ ಈಗ ಏನು ಬರುತ್ತದೆಂದು ನಾಲಿಗೆಗೆ ಗೊತ್ತಿತ್ತು.

ಡಾಕ್ಟರು: ಆಹಾ! ಏನು ಬಣ್ಣ, ಏನು ನೊರೆ! ಇಂಥದ್ದು ನಾನು ಕುಡಿದೇ ಇಲ್ಲ.

ದರ್ಜಿ: ಹುಳಿ ಅನ್ನಿಸ್ಲಿಲ್ವಾ?

ಡಾಕ್ಟರು: ಹುಳಿನಾ? ಹುಳಿ ಬೇಕಪ್ಪಾ! ಹುಳಿ ಇಲ್ದಿದ್ರೆ ಬಾಯಿ ಎಚ್ಚರ ಆಗೋದು ಹೇಗೆ?

ದರ್ಜಿ: ಕೊನೇಲಿ ಒಂಥರಾ ವಾಸನೆ ಬರಲ್ವಾ? ನೆನೆದ ಬಟ್ಟೆ ಥರ?

ಡಾಕ್ಟರು: ನೀನು ದರ್ಜಿ. ಬಟ್ಟೆ ವಾಸನೆ ಬಂದ್ರೆ ಅದು ನಿನ್ನ ಕೈಗುಣ.

ದರ್ಜಿ ಎದ್ದು ಕೋಣೆಯಲ್ಲಿ ಅತ್ತಿಂದಿತ್ತ ನಡೆದಾಡಿದರು. ಕೊರಳಿನ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು. ಅಷ್ಟರಲ್ಲಿ ಅವರ ಹೆಂಡತಿ ತಟ್ಟೆಯಲ್ಲಿ ಹುರಿದ ಕಡಲೆಬೀಜ ಹಿಡಿದು ಬಂದು, ಗಂಡನ ಬೆನ್ನ ಹಿಂದೆ ನಿಂತು, ಡಾಕ್ಟರ ಕಡೆ ನೋಡಿ ಜೋರಾಗಿ ತಲೆ ಅಡ್ಡಡ್ಡ ಆಡಿಸಿದರು. ಹೊಗಳಿದ್ದು ಇನ್ನೂ ಸಾಲದು ಎಂದು ಡಾಕ್ಟರು ತಿಳಿದರು.

ಡಾಕ್ಟರು: ನೋಡು, ನಾನು ಹೇಳೋದಾದ್ರೆ ಮದುವೆಗೆ ಇದನ್ನ ಬಿಟ್ಟು ಬೇರೇನೂ ಕೊಡಬೇಡ. ನೀರೂ ಕೊಡಬೇಡ.

ದರ್ಜಿ: (ಮೇಜು ಕುಟ್ಟಿ) ಲೋ, ನಿನಗೆ ನಾಲಿಗೆ ಇದೆಯೇನೋ? ಇಲ್ಲ ಅದನ್ನೂ ಯಾರದ್ದೋ ಹಲ್ಲಿನ ಜೊತೆ ಕಿತ್ತು ಬಿಸಾಕಿದೀಯಾ?

ಡಾಕ್ಟರು: ಹೊಗಳಿದ್ರೆ ಬೈತೀಯಲ್ಲೋ!

ದರ್ಜಿ: ಹೊಗಳು ಅಂತ ಯಾರು ಕೇಳಿದ್ರು ನಿನ್ನ?

ಡಾಕ್ಟರು: ಅತ್ತಿಗೇನೇ ಕೇಳಿದ್ರು!

ಹೆಂಡತಿ: ಅಯ್ಯೋ ನನ್ನ ಕರ್ಮ! ಸಮಾಧಾನ ಆಗೋ ಹಾಗೆ ಹೇಳಿ ಅಂದೆ. ಹೊಗಳಿ ಅಂತ ಎಲ್ಲಿ ಅಂದೆ?

ಡಾಕ್ಟರು: ಎರಡೂ ಒಂದೇ ಅಲ್ವಾ ಅತ್ತಿಗೆ?

ಹೆಂಡತಿ: ಒಂದೇ ಹೇಗಾಗುತ್ತೆ? ಕೆಟ್ಟದಾಗಿದೆ ಅಂತ ನೀವು ಹೇಳಿದ್ರೇನೇ ಇವರಿಗೆ ಸಮಾಧಾನ. ಒಂದು ವಾರದಿಂದ ಅದಕ್ಕೇ ಕಾಯ್ತಿದಾರೆ ಮನುಷ್ಯ!

ಡಾಕ್ಟರು ಲೋಟವನ್ನು ಮೇಜಿನ ಮೇಲಿಟ್ಟು ಗೆಳೆಯನ ಮುಖ ನೋಡಿದರು. ದರ್ಜಿ ಕುರ್ಚಿಯಲ್ಲಿ ಕುಸಿದು ಕುಳಿತರು.

ದರ್ಜಿ: ಬೀಗರ ಮುಂದೆ ಜಂಬ ಕೊಚ್ಚಿಬಿಟ್ಟೆ ಕಣೋ. ಮಾತುಕತೆಗೆ ಬಂದಿದ್ದಾಗ ಒಂದು ಬಾಟ್ಲಿ ಕೊಟ್ಟಿದ್ದೆ. ಅದೇನೋ ಆ ಸಲ ಚೆನ್ನಾಗೇ ಬಂದಿತ್ತು. ಅವರು ಚಪ್ಪರಿಸಿದ್ರು. ನಾನು ಸುಮ್ನಿರಬಾರದಾ? 'ಮದುವೆಗೆ ಬಿಯರ್ ಪೂರ್ತಿ ನನ್ನ ಕೈಯದೇ' ಅಂದುಬಿಟ್ಟೆ. ಈಗ ಪೀಪಾಯಿ ಪೀಪಾಯಿ ಮಾಡಿಟ್ಟಿದೀನಿ, ಎಲ್ಲಾ ಹೀಗೇ ಆಗಿದೆ.

ಡಾಕ್ಟರು: ಎಲ್ಲಿಟ್ಟಿದ್ದೆ ಹುದುಗೋದಕ್ಕೆ?

ದರ್ಜಿ: ಇಸ್ತ್ರಿ ಮೇಜಿನ ಕೆಳಗೆ. ಬೆಚ್ಚಗಿರಲಿ ಅಂತ.

ಡಾಕ್ಟರು: ಇಸ್ತ್ರಿ ಮೇಜಿನ ಕೆಳಗಾ! ಅದು ಬಿಯರ್ ಕಣಯ್ಯಾ, ಬಾಣಂತಿ ಅಲ್ಲ.

ದರ್ಜಿ: ಹಾಗಾದ್ರೆ ನಿಜವಾಗ್ಲೂ ಕೆಟ್ಟಿದೆಯಾ?

ಡಾಕ್ಟರು: ನಿಜ ಹೇಳ್ಲಾ?

ದರ್ಜಿ: ನಿನ್ನ ದಮ್ಮಯ್ಯ ಹೇಳು. ಇದು ತಿಳಿದವನೊಬ್ಬ ಬೇಡ ಅಂದ ಅಂತ ಹೇಳ್ಕೊಂಡು ಬೀಗರ ಹತ್ರ ಮಾನ ಉಳಿಸ್ಕೋತೀನಿ. ನಾನಾಗೇ ಬೇಡ ಅಂದ್ರೆ ಹೆದರಿಕೊಂಡ ಅಂತಾರೆ. ಹೇಳು, ಕೈ ಮುಗೀತೀನಿ.

ಡಾಕ್ಟರು: ಸರಿ. ಮಳೇಲಿ ನೆನೆದ ಕಾಲುಚೀಲನ ಶೂ ಒಳಗೇ ಬಿಟ್ಟು, ಆಮೇಲೆ ನೆನಪಾಗಿ ತೆಗೆದು, ನಿಂಬೆಹಣ್ಣು ಹಿಂಡಿ...

ದರ್ಜಿ: ಭಲೇ!

ಡಾಕ್ಟರು: ...ಆ ಕಾಲುಚೀಲನ ಹಿಂಡಿ ಬಾಟ್ಲಿಗೆ ತುಂಬಿದ ಹಾಗಿದೆ.

ದರ್ಜಿ: (ಎದ್ದು ಅಪ್ಪಿಕೊಂಡು) ಸ್ನೇಹಿತ ಅಂದ್ರೆ ನೀನಪ್ಪಾ! ಎದೆ ಮೇಲಿನ ಕಲ್ಲು ಇಳಿಸಿದೆ.

ಡಾಕ್ಟರು: ಮೊದಲನೇ ಗುಟುಕಿಗೆ ನನ್ನ ಕಟ್ಟಿದ ಹಲ್ಲು ಅಲ್ಲಾಡಿತು.

ದರ್ಜಿ: ಸರಿ, ಸರಿ. ಗೊತ್ತಾಯ್ತು.

ಡಾಕ್ಟರು: ಇದನ್ನ ನನ್ನ ಆಸ್ಪತ್ರೆಲಿ ಇಟ್ರೆ ಅರಿವಳಿಕೆ ಸೂಜಿನೇ ಬೇಡ. ಒಂದು ಗುಟುಕಿಗೆ ಬಾಯಿ ತಾನಾಗೇ ಜೋಮು ಹಿಡಿಯುತ್ತೆ.

ದರ್ಜಿ: (ತೋಳು ಸಡಿಲಿಸಿ) ಅಷ್ಟೊಂದೇನೂ ಇಲ್ಲ ಬಿಡು.

ಡಾಕ್ಟರು: ಅಷ್ಟೊಂದಲ್ಲ, ಅದಕ್ಕಿಂತ ಜಾಸ್ತಿ! ಆ ನೊರೆ ಇದೆಯಲ್ಲ...

ದರ್ಜಿ: ಕೆಟ್ಟದು ಅಂತ ಹೇಳು ಅಂದೆ. ಮೆರವಣಿಗೆ ಮಾಡು ಅನ್ಲಿಲ್ಲ. ನಿನ್ನದೇನು ಭಾರೀ ಅಮೃತವೋ? ಕೊಡಿಲ್ಲಿ.

ದರ್ಜಿ ಡಾಕ್ಟರ ಬಾಟಲಿ ತೆರೆದು ಲೋಟಕ್ಕೆ ಸುರಿದು, ಒಂದು ಗುಟುಕು ಕುಡಿದು, ಎಡಗೆನ್ನೆಯನ್ನು ಕೈಯಿಂದ ಹಿಡಿದುಕೊಂಡರು.

ಡಾಕ್ಟರು: ಏನಾಯ್ತೋ?

ದರ್ಜಿ: ಲವಂಗದ ಎಣ್ಣೆ! ಕುಡಿದ ತಕ್ಷಣ ನೀನು ನನ್ನ ದವಡೆ ಹಲ್ಲು ಕಿತ್ತಿದ್ದು ನೆನಪಾಯ್ತು.

ಡಾಕ್ಟರು: ಅದು ಯೀಸ್ಟಿನ ಗುಣ. ಆ ಜಾತಿ ಯೀಸ್ಟು ಹಾಕಿದ್ರೆ ಲವಂಗದ ಪರಿಮಳ ಬರಲೇಬೇಕು.

ದರ್ಜಿ: ಹೆತ್ತವರಿಗೆ ಹೆಗ್ಗಣ ಮುದ್ದು!

ಡಾಕ್ಟರು: ನಿನ್ನ ಹೆಗ್ಗಣಕ್ಕಿಂತ ನನ್ನದು ಎಷ್ಟೋ ವಾಸಿ! ಯೀಸ್ಟು ಅಂದ್ರೆ ಯೀಸ್ಟೇ, ನಾನು ನಿನ್ನ ಥರ ಸುಳ್ಳು ಹೇಳೋನಲ್ಲ.

ದರ್ಜಿ: 'ನೋವೇ ಆಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೇ' ಅಂತ ದಿನಾ ಹೇಳೋನು ಯಾರು?

ಡಾಕ್ಟರು: 'ನಾಳೆ ಬನ್ನಿ, ಗುಂಡಿ ಹಾಕೋದೊಂದೇ ಬಾಕಿ' ಅಂತ ಬಟ್ಟೆ ಕತ್ತರಿಸದೇನೇ ಹೇಳೋನು ಯಾರು?

ಹೆಂಡತಿ: ಸಾಕು ಸುಮ್ನಿರ್ರೀ ಇಬ್ಬರೂ! ಅಂಗಡಿಯಿಂದ ತರಿಸಿದ್ರೆ ಆಯ್ತಪ್ಪ. ಬಿಯರ್ ಚೆನ್ನಾಗಿಲ್ಲ ಅಂತ ಯಾರೂ ಮದುವೆ ಮುರಿಯಲ್ಲ.

ದರ್ಜಿಯ ಕೋಪ ಇಳಿಯಿತು. ಕೋಣೆಯ ಮೂಲೆಯಲ್ಲಿ, ಗೊಂಬೆಯ ಮೈಮೇಲೆ, ಮಗಳ ಮದುವೆಯ ಉಡುಪು ಅರ್ಧ ಹೊಲಿದು ನಿಂತಿತ್ತು. ಅವರು ಅದರ ಕಡೆ ನೋಡಿದರು.

ದರ್ಜಿ: ಅದಲ್ಲ ಕಣೇ. ಅವಳು ಹೊರಟು ಹೋಗ್ತಾಳೆ. ಆ ಹೊತ್ತಿಗೆ ಎಲ್ಲರೆದುರು ಅತ್ತುಬಿಡ್ತೀನೇನೋ ಅಂತ ಭಯ. ಬಂದವರೆಲ್ಲ ಅವಳಪ್ಪ ಮಾಡಿದ್ದು ಅಂತ ಕುಡೀಲಿ, ಎಲ್ಲಾ ಸೇರಿ ನಗಲಿ ಅಂತ ಆಸೆ ಇತ್ತು.

ಹೆಂಡತಿ: ಉಡುಪು ನೀವೇ ಹೊಲೀತಿದೀರಲ್ಲ. ಅದು ಸಾಲದಾ? ಎಲ್ಲಾನೂ ನೀವೇ ಮಾಡಿದ್ರೆ ಮದುವೆನೂ ನೀವೇ ಆಗ್ಬೇಕಾಗುತ್ತೆ.

ಡಾಕ್ಟರು ಗೆಳೆಯನ ಹೆಗಲು ತಟ್ಟಿದರು. ಅಷ್ಟರಲ್ಲಿ ಅಂಗಡಿಯ ಬಾಗಿಲು ಬಡಿದ ಸದ್ದಾಯಿತು. ಹೆಂಡತಿ ಹೋಗಿ ನೋಡಿ, ಓಡಿ ಬಂದರು.

ಹೆಂಡತಿ: ರೀ, ಬೀಗರು!

ದರ್ಜಿ: ಬಚ್ಚಿಡು! ಬಾಟ್ಲಿ ಬಚ್ಚಿಡು!

ಬಚ್ಚಿಡಲು ಸಮಯವಿರಲಿಲ್ಲ. ಗಂಡಿನ ತಂದೆ ಒಳಗೆ ಬಂದೇಬಿಟ್ಟರು. ಬಣ್ಣದ ಅಂಗಡಿ ಇಟ್ಟವರು, ದೊಡ್ಡ ಆಳು. ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಹಸಿರೋ ನೀಲಿಯೋ ಇರುತ್ತಿತ್ತು. ಇಂದು ಅವರು ಕಂಕುಳಲ್ಲಿ ಕಾಗದ ಸುತ್ತಿದ ಏನನ್ನೋ ಹಿಡಿದು, ಮೊದಲ ಸಲ ಶಾಲೆಗೆ ಬಂದ ಮಗುವಿನಂತೆ ನಿಂತಿದ್ದರು.

ಬೀಗರು: ಬೀಗ್ರೇ, ತಪ್ಪು ತಿಳೀಬೇಡಿ. ಅವತ್ತು ನಿಮ್ಮ ಬಿಯರ್ ಕುಡಿದ ಮೇಲೆ ನನಗೂ ಆಸೆ ಹುಟ್ಟಿಬಿಡ್ತು. ನಾನೂ ಮಾಡಿದೀನಿ. ಒಂಚೂರು ರುಚಿ ನೋಡಿ ಹೇಳ್ತೀರಾ?

ದರ್ಜಿ: ಅಯ್ಯೋ, ಅದಕ್ಕೇನಂತೆ! ಕೂತ್ಕೊಳ್ಳಿ. ಇವನು ನನ್ನ ಸ್ನೇಹಿತ, ಇದರಲ್ಲಿ ಪಳಗಿದವನು. ಹೇಳೋ ಡಾಕ್ಟ್ರೇ, ನೀನೇ ಮೊದಲು.

ಬೀಗರು ಕಾಗದ ಬಿಚ್ಚಿ ಸುರಿದರು. ನೋಡಲು ಜೇನಿನಂಥ ಬಣ್ಣ. ಮೂವರೂ 'ಓಹೋ' ಎಂದರು. ಡಾಕ್ಟರು ಕುಡಿದರು. ಅವರ ಹುಬ್ಬುಗಳು ಮೇಲೇರಿ ಅಲ್ಲೇ ನಿಂತವು.

ಡಾಕ್ಟರು: ಬಣ್ಣ ಬಹಳ ಚೆನ್ನಾಗಿದೆ.

ಬೀಗರು: ಬಣ್ಣ ಬಿಡಿ, ಅದು ನನ್ನ ಕಸುಬು. ರುಚಿ ಹೇಳಿ.

ಡಾಕ್ಟರು ದರ್ಜಿಯತ್ತ ನೋಡಿದರು. ದರ್ಜಿ ಛಾವಣಿಯತ್ತ ನೋಡಿದರು. ಹೆಂಡತಿ ಈ ಬಾರಿ ಯಾವ ಸನ್ನೆಯನ್ನೂ ಮಾಡಲಿಲ್ಲ.

ಡಾಕ್ಟರು: ನಾನು ಹಲ್ಲಿನ ಡಾಕ್ಟ್ರು, ನಾಲಿಗೆ ನನ್ನ ವಿಭಾಗ ಅಲ್ಲ. ನಿಮ್ಮ ಬೀಗರನ್ನೇ ಕೇಳಿ.

ಬೀಗರು ಆಸೆಯಿಂದ ದರ್ಜಿಯ ಕಡೆ ತಿರುಗಿದರು. ದರ್ಜಿ ಕುಡಿದರು. ಕಣ್ಣಲ್ಲಿ ನೀರು ತುಂಬಿತು. ಮಗಳು ಹೋಗಿ ಸೇರುವ ಮನೆಯ ಬಿಯರ್, ಹಳಿಯುವಂತಿಲ್ಲ. ಈಗಷ್ಟೇ ಗೆಳೆಯನಿಂದ ನಿಜ ಕಕ್ಕಿಸಿದ ಬಾಯಿ. ಸುಳ್ಳು ಹೇಳಲೂ ಬರುತ್ತಿಲ್ಲ. ಅವರು ಎದೆಯನ್ನೆಲ್ಲ ಹುಡುಕಿ ಒಂದೇ ಒಂದು ನಿಜವನ್ನು ಹೊರತೆಗೆದರು.

ದರ್ಜಿ: ಬೀಗ್ರೇ, ದೇವರಾಣೆಗೂ ಹೇಳ್ತೀನಿ. ಇದು ನನ್ನದಕ್ಕಿಂತ ಚೆನ್ನಾಗಿದೆ.

ಬೀಗರು: ಛೇ ಛೇ, ದೊಡ್ಡ ಮನಸ್ಸು ನಿಮ್ಮದು. ಸುಮ್ನೆ ಹೇಳ್ತೀರಿ.

ದರ್ಜಿ: ಸುಳ್ಳಾ? ಕುಡಿದು ನೋಡಿ!

ಮಾತು ಬಾಯಿ ಜಾರಿತ್ತು. ಬೀಗರು ಮೇಜಿನ ಮೇಲಿದ್ದ ದರ್ಜಿಯ ಬಿಯರಿನ ಲೋಟ ಎತ್ತಿ ದೊಡ್ಡ ಗುಟುಕನ್ನೇ ಹಾಕಿದರು. ಅವರು ಬಹಳ ಹೊತ್ತು ನೆಲ ನೋಡುತ್ತ ಕುಳಿತರು. ತಲೆ ಎತ್ತಿದಾಗ ಮುಖ ಅರಳಿತ್ತು.

ಬೀಗರು: ಬೀಗ್ರೇ, ನೀವು ಸುಳ್ಳು ಹೇಳೋ ಮನುಷ್ಯರೇ ಅಲ್ಲ!

ದರ್ಜಿ: (ಮೆಲ್ಲಗೆ) ಅಲ್ಲ.

ಬೀಗರು: ನನ್ನ ಹೆಂಡತಿ 'ನಿಮ್ಮ ಬಣ್ಣದ ಡಬ್ಬ ತೊಳೆದ ನೀರು ಇದಕ್ಕಿಂತ ವಾಸಿ' ಅಂದಿದ್ಲು. ಅವಳಿಗೇನು ಗೊತ್ತು! ಇನ್ನು ನೀವು ತಲೆ ಕೆಡಿಸ್ಕೋಬೇಡಿ. ಮದುವೆಗೆ ಬಿಯರ್ ಪೂರ್ತಿ ನನ್ನ ಜವಾಬ್ದಾರಿ. ಇವತ್ತೇ ಹುದುಗೋಕೆ ಹಾಕ್ತೀನಿ. ಬೇಡ ಅನ್ನಬಾರದು, ನನ್ನಾಣೆ!

ಯಾರಾದರೂ ಬೇಡ ಎನ್ನುವ ಮುಂಚೆಯೇ ಅವರು ಮೂವರ ಕೈಯನ್ನೂ ಹಿಡಿದು ಕುಲುಕಿ, ಹುರಿದ ಕಡಲೆಬೀಜ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಬೀದಿಯಲ್ಲಿ ಓಡುವಂತೆ ನಡೆದು ಹೋದರು.

ಡಾಕ್ಟರು: ಪೀಪಾಯಿಗಟ್ಟಲೆ ಮಾಡ್ತಾರೆ ಅಂತ ಕಾಣುತ್ತೆ.

ದರ್ಜಿ: ಅತ್ತ ದರಿ, ಇತ್ತ ಪುಲಿ. ಏನೇ, ಏನು ಮಾಡೋದೇ ಈಗ?

ಹೆಂಡತಿ: (ಲೋಟಗಳನ್ನು ಎತ್ತಿಕೊಳ್ಳುತ್ತ) ಏನೂ ಮಾಡ್ಬೇಡಿ. ಮಗಳು ಹೊರಡೋ ಹೊತ್ತಿಗೆ ಎಲ್ಲರೆದುರು ಅತ್ತುಬಿಡ್ತೀನೇನೋ ಅಂತ ನೀವು ಹೆದರ್ತಿದ್ರಲ್ಲ. ಧಾರಾಳವಾಗಿ ಅಳಿ. ಅದನ್ನ ಕುಡಿದ ಮೇಲೆ ಬಂದವರೆಲ್ಲ ಕಣ್ಣು ಒರೆಸ್ಕೋತಿರ್ತಾರೆ, ನಿಮ್ಮ ಕಣ್ಣೀರು ಯಾವುದು ಅಂತ ಯಾರಿಗೂ ಗೊತ್ತಾಗಲ್ಲ.