ಊರೂರಿಗೆ ಹಂಚಿಹೋದ ಕಂಪ್ಯೂಟರು

ಮಾದೇಶ್ ಮೇಷ್ಟ್ರು ಶನಿವಾರ ಒಂದು ಹೋಂವರ್ಕ್ ಕೊಟ್ಟರು. ಅವರು ಮಾಡಿದ ತಪ್ಪು ಅಷ್ಟೇ. ಹೋಂವರ್ಕ್ ಮಾಡದ ಮಕ್ಕಳಿಂದ ತಲೆ ಕೆಡಿಸಿಕೊಂಡ ಮೇಷ್ಟ್ರುಗಳು ಈ ಭೂಮಿಯ ಮೇಲೆ ಕೋಟ್ಯಂತರ ಇದ್ದಾರೆ. ಹೋಂವರ್ಕನ್ನು ತೀರಾ ಚೆನ್ನಾಗಿ ಮಾಡಿದ ಮಕ್ಕಳಿಂದ ಕೆಟ್ಟವರು ಇವರೊಬ್ಬರೇ.

ಎರಡು ಸಾವಿರದ ಎರಡನೇ ಇಸವಿ. ಕೊಳ್ಳೇಗಾಲದ ಆ ಹೈಸ್ಕೂಲಿಗೆ ಯಾರೋ ಪುಣ್ಯಾತ್ಮರು ದಾನ ಕೊಟ್ಟ ಹಳೆಯ ಕಂಪ್ಯೂಟರೊಂದಿತ್ತು. ಹೆಡ್‌ಮಾಸ್ಟರ್ ಶಿವನಂಜಯ್ಯ ಅದಕ್ಕೆ ಹಳದಿ ಬಟ್ಟೆ ಹೊದಿಸಿ, ಕೋಣೆಗೆ ಬೀಗ ಜಡಿದು, ಆಯುಧಪೂಜೆಯ ದಿನ ಮಾತ್ರ ಬಾಗಿಲು ತೆಗೆಯುತ್ತಿದ್ದರು. ಒಂಬತ್ತನೇ ತರಗತಿಯಲ್ಲಿ ಎಂಬತ್ತೆರಡು ಮಕ್ಕಳು. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ವಿಜ್ಞಾನದ ಮಾದೇಶ್ ಮೇಷ್ಟ್ರು ಮೂರು ತಿಂಗಳು ಹಠ ಹಿಡಿದು ಬೀಗದ ಕೈ ಕಿತ್ತುಕೊಂಡರು.

"ಬಿಚ್ಚೋಕೆ ಕರೆಂಟ್ ಯಾಕೆ ಸಾರ್? ಸ್ಕ್ರೂಡ್ರೈವರ್ ಸಾಕು. ಮಕ್ಕಳು ಕೈಯಲ್ಲಿ ಮುಟ್ಟಿ ಕಲೀಲಿ" ಎಂದರು. ಬಿಚ್ಚಿದರು. ಕಂಪ್ಯೂಟರಿನ ಒಂದೊಂದು ಭಾಗವನ್ನೂ ಒಬ್ಬೊಬ್ಬರ ಕೈಗಿತ್ತು, "ಮನೆಗೆ ತಗೊಂಡು ಹೋಗಿ. ಇದು ಏನು ಕೆಲಸ ಮಾಡುತ್ತೆ ಅಂತ ಮನೆಯವರಿಗೆ ಅರ್ಥವಾಗೋ ಹಾಗೆ ಹೇಳಿ. ಸೋಮವಾರ ವಾಪಸ್ ತನ್ನಿ" ಎಂದರು.

ಸೋಮವಾರ ಹತ್ತು ಗಂಟೆಗೆ ಇಲಾಖೆಯಿಂದ ಫೋನು ಬಂತು. ಹೆಡ್‌ಮಾಸ್ಟರು ರಿಸೀವರ್ ಇಟ್ಟವರೇ ಕಾದ ಹೆಂಚಿನ ಮೇಲೆ ನಿಂತವರಂತೆ ಕುಣಿದಾಡಿದರು.

"ಮೂರು ಗಂಟೆಗೆ ಸಾಹೇಬ್ರು ಬರ್ತಾರಂತೆ! ಕಂಪ್ಯೂಟರ್ ಓಡುತ್ತೋ ಇಲ್ವೋ ನೋಡ್ತಾರಂತೆ! ಓಡದಿದ್ರೆ ಹೊತ್ಕೊಂಡು ಹೋಗ್ತಾರೆ ಕಣ್ರೀ!"

"ಹಾಗಂದ್ರಾ ಸಾರ್?"

"ಅನ್ನಲಿಲ್ಲ. ಇನ್ಯಾಕ್ರೀ ಬರ್ತಾರೆ, ನಿಮ್ಮ ಮುಖ ನೋಡೋಕಾ? ಕಂಪ್ಯೂಟರ್ ಹೋದ್ರೆ ನಿಮ್ಮ ಪಾಠಾನೂ ಹೋಯ್ತು, ತಿಳ್ಕೊಳ್ಳಿ."

ಮೇಷ್ಟ್ರು ಕ್ಲಾಸಿಗೆ ಓಡಿದರು. ಸಣ್ಣಪುಟ್ಟ ಭಾಗಗಳೆಲ್ಲ ಬಂದಿದ್ದವು. ಮೂರು ದೊಡ್ಡವು ಮಾತ್ರ ಇರಲಿಲ್ಲ. ರೂಪ, ದೀಪ, ಮಾದು ತಲೆ ಬಗ್ಗಿಸಿ ನಿಂತಿದ್ದರು. ಮೂವರದೂ ಒಂದೇ ಉತ್ತರ: "ಮನೇಲಿ ಕೊಡಾಕಿಲ್ಲ ಅಂದ್ರು ಸಾ."

"ನೀವು ಮಿಕ್ಕಿದ್ದನ್ನ ಜೋಡಿಸ್ತಾ ಇರಿ. ಆ ಮೂರನ್ನೂ ತರದೆ ನಾನು ಈ ಹೊಸ್ತಿಲು ತುಳಿಯಲ್ಲ" ಎಂದು ಮೇಷ್ಟ್ರು ಮೊಪೆಡ್ ಹತ್ತಿದರು. ಆ ಮೊಪೆಡ್ಡು ಎಂಥದೆಂದರೆ, ಏರಿನಲ್ಲಿ ಅದನ್ನು ಎಮ್ಮೆಗಳು ಹಿಂದೆ ಹಾಕಿ ತಿರುಗಿ ನೋಡಿ ಮರುಗುತ್ತಿದ್ದವು.

ಮೊದಲು ಮುಳ್ಳೂರು, ರೂಪಳ ಮನೆ. ಮದರ್‌ಬೋರ್ಡು ಬಾಗಿಲ ಮೇಲೆ ಮಾವಿನ ಸೊಪ್ಪಿನ ನಡುವೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ತೂಗುತ್ತಿತ್ತು. ಕೆಳಗೆ ರೂಪಳ ಅಜ್ಜಿ ದೊಡ್ಡಮಾದಮ್ಮ ಕಾವಲು.

"ಅಜ್ಜೀ, ಅದು ಸ್ಕೂಲಿಂದು."

"ಯಾರ್ದಾದ್ರೂ ಆಗ್ಲಿ ಕನಪ್ಪ. ನಮ್ ರೂಪ ಏಳದ್ಲು, ಇದು ಇದ್ರೆ ಒಳಗಿರಾವೆಲ್ಲ ಒಂದಕ್ಕೊಂದು ಮಾತಾಡ್ಕಂಡು ಒಂದಾಗಿರ್ತವೆ, ಇಲ್ದಿದ್ರೆ ಒಂದರ ಮಾತು ಒಂದಕ್ಕೆ ಮುಟ್ಟಕಿಲ್ಲ ಅಂತ. ಅದ್ಕೆ ಕಟ್ದೆ. ನನ್ ಸೊಸೇರಿಬ್ರೂ ಆರು ವರ್ಸದಿಂದ ಕಚ್ಚಾಡ್ತಿದ್ರು. ಎಲ್ಡು ದಿನಾಯ್ತು, ಒಂದು ಸದ್ದಿಲ್ಲ."

ನಿಜವೇ. ಒಳಗೆ ಸೊಸೆಯರಿಬ್ಬರೂ ಒಂದೇ ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಜೀವಮಾನದ ಮೊದಲ ಸುಳ್ಳು ಹೇಳಿದರು. "ಅಜ್ಜೀ, ಇದರ ಶಕ್ತಿ ಎರಡೇ ದಿನ. ಸ್ಕೂಲಲ್ಲಿ ತುಂಬಿಸ್ಕೊಂಡು ಬರಬೇಕು."

"ಅಂಗಾ? ಬಿರ್‍ರನೆ ತುಂಬುಸ್ಕಂಡು ಬಾ ಮತ್ತೆ."

ಬೋರ್ಡು ಬಾಗಿಲಿಂದ ಇಳಿದು ಚೀಲ ಸೇರಿತು. ಮೊಪೆಡ್ಡು ಇನ್ನೂ ಕೆಮ್ಮುತ್ತಿರುವಾಗಲೇ ಒಳಗಿನಿಂದ "ಏನೇ ಅಂದೆ?" ಎಂಬ ಕೂಗು ಕೇಳಿಸಿತು. ಹಿಂದೆಯೇ ಒಂದು ಮೊರ ಮೇಷ್ಟ್ರ ಕಿವಿಯ ಪಕ್ಕದಲ್ಲೇ ಹಾರಿ ಬೀದಿಗೆ ಬಿತ್ತು.

ಮುಂದೆ ಸತ್ತೇಗಾಲ. ದೀಪಳ ತಾಯಿ ಶಿವರತ್ನಮ್ಮನದು ಅಲ್ಲಿ ದಿನಸಿ ಅಂಗಡಿ. ತಕ್ಕಡಿಯ ಒಂದು ತಟ್ಟೆಯಲ್ಲಿ ಬೆಲ್ಲ, ಇನ್ನೊಂದರಲ್ಲಿ ಹಾರ್ಡ್‌ಡಿಸ್ಕು!

"ನಿಮ್ ಪಾಠಾನೇ ಸಾ," ಎಂದಳು ಶಿವರತ್ನಮ್ಮ. "ಎಷ್ಟು ಆಕುದ್ರೋ ಅಷ್ಟೇ ವಾಪಸ್ ಕೊಡ್ತದೆ, ಒಂದು ಕಾಳೂ ಎಚ್ಚು ಕಮ್ಮಿ ಆಗಕಿಲ್ಲ ಅಂತ ನಮ್ ದೀಪ ಏಳದ್ಲು. ಇಂಥ ನಿಯತ್ತಿನ ಬಟ್ಟು ಎಲ್ಲಿ ಸಿಕ್ತದೆ? ಅಳೇ ಅರ್ಧ ಕೇಜಿ ಬಟ್ಟು ಹೊಳೇಗೆ ಎಸ್ದೆ."

ಮೇಷ್ಟ್ರು ಕೈ ಹಾಕಿದ್ದೇ ತಡ, ಅಂಗಡಿ ಮುಂದಿದ್ದ ಹೆಂಗಸರು ಸುತ್ತುವರಿದರು. ಆ ಬಟ್ಟು ಅರ್ಧ ಕೇಜಿಗಿಂತ ನೂರು ಗ್ರಾಂ ಹೆಚ್ಚು ತೂಗುತ್ತದೆಂಬುದು ಶಿವರತ್ನಮ್ಮನೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಾಗಿತ್ತು.

"ಮುಟ್ಟಿ ಗಿಟ್ಟಿರಾ ಸಾ! ಅದೋದ್ರೆ ನಾವು ಬೆಲ್ಲಾನೇ ತಗಳಕಿಲ್ಲ," ಎಂದು ಚಿಕ್ಕಬಸಮ್ಮ ಸೆರಗು ಬಿಗಿದಳು.

ಕೊನೆಗೆ ಒಪ್ಪಂದವಾಯಿತು. ಅಷ್ಟೇ ತೂಗುವ ಬೇರೆ ವಸ್ತು ಕೊಡಬೇಕು. ಮೇಷ್ಟ್ರು ತಮ್ಮ ಊಟದ ಡಬ್ಬಿಯನ್ನೇ ತಟ್ಟೆಗಿಟ್ಟರು. ಮುಳ್ಳು ಸರಿಯಾಗಿ ನಿಂತಿತು. ಚಿತ್ರಾನ್ನದ ಸಮೇತ ಡಬ್ಬಿ ಬಟ್ಟಾಯಿತು. ಮೇಷ್ಟ್ರ ಹೊಟ್ಟೆ ಹನೂರಿನವರೆಗೆ ಕೇಳಿಸುವಂತೆ ಕೂಗಿಕೊಂಡಿತು.

ಊರಾಚೆ ತೋಟದಲ್ಲಿ ಮಾದುವಿನ ಮನೆ. ಅವನ ತಾತ ಗೋವಿಂದಯ್ಯ ರೇಷ್ಮೆ ಹುಳು ಸಾಕುವವರು. ಅವರು ತುಟಿಯ ಮೇಲೆ ಬೆರಳಿಟ್ಟು ಹೊರಗೇ ತಡೆದರು.

"ಸದ್ದು ಮಾಡ್ಬೇಡಿ ಸಾ. ಉಳ ಜ್ವರಕ್ಕೆ ಕುಂತವೆ."

ರೇಷ್ಮೆ ಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರವೆಂದು ಹೆಸರು. ಆಗ ಹುಳುವಿನ ಮನೆಗೆ ಹೊರಗಿನವರು ಮೈ ತೊಳೆಯದೆ ಕಾಲಿಡುವಂತಿಲ್ಲ. ಒಳಗೆ ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿ ತನ್ನ ಪುಟ್ಟ ಫ್ಯಾನು ತಿರುಗಿಸುತ್ತ ಗಾಳಿ ಬಿಡುತ್ತಿತ್ತು.

"ಒಳಗಿರಾವ್ಕೆ ಬಿಸಿ ತಾಗ್ದಂಗೆ ಕಾಯ್ತದೆ ಅಂತ ಮಾದು ಏಳ್ದ. ಬಾಳ ಚೆಂದಾಗದೆ. ಉಳ ಏಳಗಂಟ ಕೊಡಾಕಾಗಕಿಲ್ಲ."

"ಹುಳ ಯಾವಾಗ ಏಳ್ತವೆ?"

"ಅವ್ಕೆ ಗಡಿಯಾರ ಕಟ್ಟಿದ್ದೀನಾ ಸಾ?"

ಆಗಲೇ ಒಂದು ಗಂಟೆ. ಮೇಷ್ಟ್ರು ಪ್ಯಾಂಟು ಬಿಚ್ಚಿಟ್ಟು ಗೋವಿಂದಯ್ಯನವರ ಪಂಚೆ ಉಟ್ಟರು. ಬಾವಿಯ ನೀರು ಹುಯ್ದುಕೊಂಡರು. ಒದ್ದೆ ಪಂಚೆಯಲ್ಲಿ ಒಳಗೆ ಹೋಗಿ, ಡಬ್ಬಿಯ ಫ್ಯಾನು ನಿಲ್ಲಿಸಿ, ಆ ಜಾಗದಲ್ಲಿ ತಾವೇ ನಿಂತು ಬೀಸಣಿಗೆ ಹಿಡಿದರು. ಇಪ್ಪತ್ತು ಸಾವಿರ ಹುಳುಗಳಿಗೆ ಒಬ್ಬ ಬಿ.ಎಸ್ಸಿ., ಬಿ.ಎಡ್. ಗಾಳಿ ಹಾಕಿದ್ದು ಚರಿತ್ರೆಯಲ್ಲಿ ಅದೇ ಮೊದಲು. ಒಂದು ಗಂಟೆ ಬೀಸಿದರು. ಆ ಗಾಳಿಗೆ ಶಿವನಸಮುದ್ರದಲ್ಲಿ ನೀರು ಹಿಂದಕ್ಕೆ ಹರಿಯಿತೆಂದು ಕಂಡವರು ಹೇಳುತ್ತಾರೆ.

"ಎದ್ವು ಸಾ! ಎದ್ವು!" ಎಂದು ಗೋವಿಂದಯ್ಯ ಕುಣಿದರು. "ತಕಂಡೋಗಿ!"

ಮೂರಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಮೇಷ್ಟ್ರು ಶಾಲೆಗೆ ನುಗ್ಗಿದರು. ಮಕ್ಕಳು ಮುತ್ತಿದರು. ರೂಪ ಕುಂಕುಮ ಒರೆಸಿ ಬೋರ್ಡು ಕೂರಿಸಿದಳು. ದೀಪ ಬೆಲ್ಲದ ಅಂಟು ಕೆರೆದು ಹಾರ್ಡ್‌ಡಿಸ್ಕ್ ಸಿಕ್ಕಿಸಿದಳು. ಮಾದು ಪವರ್ ಡಬ್ಬಿಗೆ ಸ್ಕ್ರೂ ಹಾಕಿದ. ಜೀಪಿನ ಸದ್ದು ಕೇಳಿದಾಗ ಕೊನೆಯ ವೈರು ಸೇರಿತು.

ಸಾಹೇಬರು ಬಂದು ನಿಂತರು. ಮೇಷ್ಟ್ರು ಸ್ವಿಚ್ಚು ಒತ್ತಿದರು. ಎಂಬತ್ತೆರಡು ಮಕ್ಕಳು ಉಸಿರು ಬಿಗಿಹಿಡಿದದ್ದಕ್ಕೆ ಕೋಣೆಯಲ್ಲಿ ಗಾಳಿಯೇ ಹೆಚ್ಚಾಯಿತು. ಪವರ್ ಡಬ್ಬಿಯಿಂದ ಒಂದು ರೇಷ್ಮೆ ಹುಳು ಹೊರಬಂದು, ಮೈ ಮುರಿದು, ಮೇಜಿನ ಮೇಲೆ ನಡೆಯಿತು. ಪರದೆ ಬೆಳಗಿತು!

"ಭೇಷ್!" ಎಂದರು ಸಾಹೇಬರು. "ಮೂರು ಊರು ಸುತ್ತಿದೀನಿ, ಓಡ್ತಾ ಇರೋದು ಇದೊಂದೇ. ಪರೀಕ್ಷೆ ಕೆಲಸಕ್ಕೆ ಆಫೀಸಿಗೆ ಓಡೋ ಕಂಪ್ಯೂಟರ್ ಬೇಕಿತ್ತು. ಜೀಪಿಗೆ ಹಾಕ್ಸಿ."

ಮೇಷ್ಟ್ರು ಸ್ವಿಚ್ಚಿನಿಂದ ಕೈ ತೆಗೆದರು. "ಸಾರ್... ಓಡದೇ ಇದ್ದಿದ್ರೆ?"

"ಓಡದೇ ಇರೋದನ್ನ ನಾನೇನು ಮಾಡ್ಲಿ? ಇಲ್ಲೇ ಬಿಡ್ತಿದ್ದೆ. ಬೆಳಗ್ಗೆ ಯಳಂದೂರಲ್ಲಿ ಎರಡು ಬಿಟ್ಟು ಬಂದೆ."

ಹೆಡ್‌ಮಾಸ್ಟರು ಗೋಡೆಯ ಕಡೆ ತಿರುಗಿ ನಕಾಶೆ ಓದತೊಡಗಿದರು. ಮಾದೇಶ್ ಮೇಷ್ಟ್ರು ಮಾತ್ರ ಸೋಲುವ ಜಾತಿಯಲ್ಲ. "ಹಾಗೇ ಕುಲುಕಾಡಿಸಿ ತಗೊಂಡು ಹೋದ್ರೆ ಕೆಡುತ್ತೆ ಸಾರ್. ಬಿಚ್ಚಿಯೇ ಸಾಗಿಸ್ಬೇಕು. ಮಕ್ಕಳೇ ಬಿಚ್ಚಲಿ" ಎಂದರು.

ಕಂಪ್ಯೂಟರು ಹೋಗುವುದಾದರೆ ಕೊನೆಯ ಪಾಠವಾದರೂ ಆಗಲಿ! ಒಬ್ಬೊಬ್ಬರೂ ಬಂದರು. ಒಬ್ಬ ಸ್ಕ್ರೂ ತೆಗೆದ, ಒಬ್ಬಳು ವೈರು ಕಳಚಿದಳು. ಯಾಕೆ, ಏನು, ಎತ್ತ ಎಂದು ಎಲ್ಲರೂ ಗಿಣಿಗಳಂತೆ ವಿವರಿಸಿದರು. ಸಾಹೇಬರು ಕುರ್ಚಿ ಎಳೆದುಕೊಂಡು ಬಾಯಿ ತೆರೆದು ನೋಡಿದರು.

"ಇಂಥ ಮೇಷ್ಟ್ರು ಇಲ್ಲಿದ್ದಾರೆ ಅಂತ ನನಗೆ ಯಾರೂ ಹೇಳಲೇ ಇಲ್ವಲ್ಲ! ಆಫೀಸಲ್ಲಿ ಇದನ್ನ ಜೋಡಿಸೋರು ಯಾರು ಅಂತಿದ್ದೆ. ಮಾದೇಶ್, ಹತ್ತಿ ಜೀಪು. ವರ್ಷ ಪೂರ್ತಿ ನೀವು ನಮ್ಮ ಆಫೀಸಲ್ಲೇ."

ಹೆಡ್‌ಮಾಸ್ಟರು ನಕಾಶೆಯಿಂದ ತಿರುಗಿದರು. "ಸಾರ್, ಇವರೂ ಹೋದ್ರೆ ಇಲ್ಲಿ ಕಂಪ್ಯೂಟರ್ ಪಾಠ ಮಾಡೋರು ಯಾರು?"

ಸಾಹೇಬರು ಜೀಪಿನೊಳಗಿಂದ ಕನಿಕರದಿಂದ ನೋಡಿದರು. "ಕಂಪ್ಯೂಟರೇ ಇಲ್ದಿರೋ ಸ್ಕೂಲಿಗೆ ಕಂಪ್ಯೂಟರ್ ಪಾಠ ಯಾಕ್ರೀ?"